ಕರೆ ಕೇಳಿಸಿದ ಮೇಲೆ

ಕಾಲೇಜಿನ ಕೊನೆಯ ವರ್ಷ ಮುಗಿಯುವ ಹೊತ್ತಿಗೆ ಕೆಲವು ಕ್ರೈಸ್ತ ಯುವಕ ಯುವತಿಯರ ಮನಸ್ಸಿನಲ್ಲಿ ಒಂದು ಅನಿಸಿಕೆ ಬಲವಾಗಿ ನೆಲೆಯೂರುತ್ತದೆ: ದೇವರು ನನ್ನನ್ನು ಬೇರೆ ದೇಶಕ್ಕೆ, ಬೇರೆ ಜನರ ನಡುವೆ ಸೇವೆ ಮಾಡಲು ಕರೆಯುತ್ತಿದ್ದಾನೆ. ಯುವಜನರ ಶಿಬಿರದ ಕೊನೆಯ ರಾತ್ರಿಯೋ, ಸತ್ಯವೇದದ ಒಂದು ವಾಕ್ಯ ಓದುತ್ತಿರುವಾಗಲೋ ಅದು ಮೊಳೆಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಬಿಡದೆ ಕಾಡುತ್ತದೆ. ಮನೆಯವರು ಹೆದರುತ್ತಾರೆ, ಸಭಾಪಾಲಕರು ಹೆಮ್ಮೆಪಡುತ್ತಾರೆ, ಗೆಳೆಯರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳುವವರು ಕಡಿಮೆ: ಈ ಕರೆ ನಿಜವೆಂದು ತಿಳಿಯುವುದು ಹೇಗೆ? ಮನಸ್ಸಿಗೆ ಬಲವಾಗಿ ಅನಿಸಿತು ಎಂಬುದೇ ಸಾಕೇ? ಸಾಲದು ಎಂಬುದು ನನ್ನ ವಾದ. ಒಳಗಿನ ಕರೆಯನ್ನು ನಾನು ಸುಳ್ಳೆನ್ನುವುದಿಲ್ಲ. ಅದಿಲ್ಲದೆ ಯಾರೂ ಹುಟ್ಟಿದ ಊರು ಬಿಟ್ಟು ಹೋಗಿ ಪರರಿಗಾಗಿ ಬದುಕು ಸವೆಸಲಾರರು. ಆದರೆ ಕೇಳಿಸಿಕೊಂಡವರು ತಾವೊಬ್ಬರೇ ಆ ಕರೆಗೆ ಸಾಕ್ಷಿಯಾಗಲು ಬರುವುದಿಲ್ಲ. ಯಾವ ಸಂಗತಿಯೂ ಒಬ್ಬನ ಸಾಕ್ಷಿಯಿಂದ ಸ್ಥಿರವಾಗದು, ಎರಡು ಮೂರು ಸಾಕ್ಷಿಗಳು ಬೇಕು ಎಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಆ ನಿಯಮ ಹುಟ್ಟಿದ್ದು ನ್ಯಾಯವಿಚಾರಣೆಗಾದರೂ ಕರೆಯ ವಿಷಯದಲ್ಲೂ ಅದು ಸಲ್ಲುತ್ತದೆ. ಕಳುಹಿಸುವವರೂ ಬರಮಾಡಿಕೊಳ್ಳುವವರೂ ಹೌದೆನ್ನಬೇಕು.

ಈ ಅನಿಸಿಕೆಗೆ ದೊಡ್ಡ ಪರಂಪರೆಯೇ ಇದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. 1806ರಲ್ಲಿ ಅಮೆರಿಕದ ವಿಲಿಯಮ್ಸ್ ಕಾಲೇಜಿನ ಐವರು ವಿದ್ಯಾರ್ಥಿಗಳು ಮಳೆಗೆ ಸಿಕ್ಕಿ ಹುಲ್ಲಿನ ಬಣವೆಯ ಮರೆಯಲ್ಲಿ ಪ್ರಾರ್ಥಿಸಿ, ಏಷ್ಯಾಕ್ಕೆ ಸುವಾರ್ತೆ ಮುಟ್ಟಿಸಬೇಕೆಂದು ನಿಶ್ಚಯಿಸಿದರು. ಅಮೆರಿಕದ ಮೊದಲ ವಿದೇಶ ಮಿಷನ್ ಮಂಡಳಿ 1810ರಲ್ಲಿ ಹುಟ್ಟಿದ್ದರ ಹಿಂದೆ ಆ ಪ್ರಾರ್ಥನೆಯ ಪ್ರೇರಣೆ ಇತ್ತು. 1886ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸಿನ ಮೌಂಟ್ ಹರ್ಮನ್‌ನಲ್ಲಿ ಸೇರಿದ್ದ ಸುಮಾರು 250 ವಿದ್ಯಾರ್ಥಿಗಳಲ್ಲಿ 100 ಮಂದಿ ವಿದೇಶ ಸೇವೆಗೆ ಹೆಸರು ಕೊಟ್ಟರು. ಅವರನ್ನು ಹುರಿದುಂಬಿಸಿದವರಲ್ಲಿ ಪ್ರಮುಖನಾದ ರಾಬರ್ಟ್ ವೈಲ್ಡರ್ ಹುಟ್ಟಿದ್ದು ನಮ್ಮ ಗಡಿಯಾಚೆಯ ಕೊಲ್ಹಾಪುರದಲ್ಲಿ, ಒಬ್ಬ ಮಿಷನರಿಯ ಮಗನಾಗಿ. ಆ ಸಭೆಯಿಂದ ಬೆಳೆದ ವಿದ್ಯಾರ್ಥಿ ಸ್ವಯಂಸೇವಕ ಚಳವಳಿ ಮುಂದಿನ ದಶಕಗಳಲ್ಲಿ ಸಾವಿರಾರು ಪದವೀಧರರನ್ನು ಹಡಗು ಹತ್ತಿಸಿತು. ಅಷ್ಟು ಉತ್ಸಾಹದ ಚಳವಳಿಯೂ ವಿದ್ಯಾರ್ಥಿಗಳಿಂದ ಸಹಿ ಹಾಕಿಸಿಕೊಂಡ ಪ್ರತಿಜ್ಞೆಯಲ್ಲಿ, ದೇವರು ಅನುಮತಿಸಿದರೆ ಮಿಷನರಿಯಾಗುವುದು ನನ್ನ ಉದ್ದೇಶ ಎಂಬ ಷರತ್ತನ್ನು ಉಳಿಸಿಕೊಂಡಿತ್ತು. ಸಹಿ ಹಾಕಿದವರೆಲ್ಲ ಹೋಗಲಿಲ್ಲ. ಬಣವೆಯ ಪ್ರಾರ್ಥನೆಗೆ ಮುಂದಾಳಾಗಿದ್ದ ಸ್ಯಾಮ್ಯುಯೆಲ್ ಮಿಲ್ಸ್ ಕೂಡ ಏಷ್ಯಾಕ್ಕೆ ಮಿಷನರಿಯಾಗಿ ಬರಲಿಲ್ಲ. ಹೆಚ್ಚಾಗಿ ತನ್ನ ದೇಶದಲ್ಲೇ ದುಡಿದು ಇತರರು ಹೋಗುವ ದಾರಿ ಕಟ್ಟಿದ. ಅವನ ಕರೆ ಸುಳ್ಳೆಂದು ಯಾರೂ ಹೇಳಲಾರರು. ಮೊದಲು ಅನಿಸಿದ್ದಕ್ಕಿಂತ ಬೇರೆಯಾದ ರೂಪದಲ್ಲಿ ಅದು ನೆರವೇರಿತು, ಅಷ್ಟೆ.

ಸತ್ಯವೇದದಲ್ಲಿ ಕರೆಯ ಕಥೆಗಳು ಬಹಳ. ಅವುಗಳಲ್ಲಿ ಬಾಲಕ ಸಮುವೇಲನ ಕಥೆ ಎಲ್ಲರಿಗೂ ಗೊತ್ತು. ರಾತ್ರಿ ದೇವಾಲಯದಲ್ಲಿ ಮಲಗಿದ್ದ ಹುಡುಗನಿಗೆ ಯಾರೋ ಹೆಸರು ಹಿಡಿದು ಕೂಗಿದಂತಾಗುತ್ತದೆ. ಅವನು ಎದ್ದು ಯಾಜಕ ಏಲಿಯ ಬಳಿಗೆ ಓಡುತ್ತಾನೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎಂದು ಏಲಿ ಕಳುಹಿಸುತ್ತಾನೆ. ಹೀಗೆ ಮೂರು ಸಲ ನಡೆದ ಮೇಲೆ, ಕರೆಯುತ್ತಿರುವವನು ದೇವರು ಎಂದು ಗೊತ್ತಾಗುವುದು ಹುಡುಗನಿಗಲ್ಲ, ಮುದುಕನಿಗೆ. ಕರೆ ನಿಜವಾಗಿತ್ತು, ಕಿವಿ ಚುರುಕಾಗಿತ್ತು, ಮನಸ್ಸು ನಿರ್ಮಲವಾಗಿತ್ತು. ಆದರೂ ಗುರುತು ಹಿಡಿಯಲು ಇನ್ನೊಬ್ಬನು ಬೇಕಾಯಿತು. ಆ ಇನ್ನೊಬ್ಬನೋ, ಕಣ್ಣು ಮಂಜಾದವನು, ಮಕ್ಕಳನ್ನು ಹದ್ದಿನಲ್ಲಿಡಲಾರದೆ ಸೋತವನು. ಸಮುವೇಲನಿಗೆ ಅಂದು ಸಿಕ್ಕ ಸಂದೇಶವೂ ಏಲಿಯ ಮನೆತನದ ವಿರುದ್ಧವೇ ಇತ್ತು. ಹಿರಿಯರು ಕೆಟ್ಟಿದ್ದಾರೆ, ಸಭೆ ತಣ್ಣಗಾಗಿದೆ, ಅವರನ್ನೇನು ಕೇಳುವುದು ಎನ್ನುವ ಯುವಕರು ಈ ಕಥೆಯನ್ನು ಮತ್ತೊಮ್ಮೆ ಓದಬೇಕು. ದೇವರು ಏಲಿಯನ್ನು ಬದಿಗೆ ಸರಿಸಿ ನೇರವಾಗಿ ಅರ್ಥ ತಿಳಿಸಬಹುದಿತ್ತು. ಹಾಗೆ ಮಾಡದೆ, ತಾನು ಯಾರ ಮೇಲೆ ತೀರ್ಪು ಕೊಡಲಿದ್ದನೋ ಅವನ ಬಾಯಿಂದಲೇ ಹುಡುಗನಿಗೆ ದಾರಿ ತೋರಿಸಿದನು.

ಪೌಲನ ಜೀವನ ಇದನ್ನೇ ಇನ್ನಷ್ಟು ಸ್ಪಷ್ಟಪಡಿಸುತ್ತದೆ. ದಮಸ್ಕದ ದಾರಿಯಲ್ಲಿ ಅವನಿಗಾದಷ್ಟು ನಿಚ್ಚಳವಾದ ದರ್ಶನ ಬೇರೆ ಯಾರಿಗೂ ಆಗಿರಲಾರದು. ಆದರೂ ಅಂತಿಯೋಕ್ಯದ ಸಭೆ ಅವನನ್ನೂ ಬಾರ್ನಬನನ್ನೂ ದೂರ ಪ್ರಯಾಣಕ್ಕೆ ಕಳುಹಿಸುವ ಹೊತ್ತಿಗೆ, ವಿದ್ವಾಂಸರ ಲೆಕ್ಕದಲ್ಲಿ, ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಳೆದಿತ್ತು. ಆ ನಡುವೆ ಅವನು ಅರಬಸ್ಥಾನಕ್ಕೆ ಹೋಗಿದ್ದ, ತಾರ್ಸಕ್ಕೆ ಮರಳಿದ್ದ, ಬಾರ್ನಬ ಹುಡುಕಿಕೊಂಡು ಬಂದು ಕರೆದೊಯ್ದ ಮೇಲೆ ಅಂತಿಯೋಕ್ಯದಲ್ಲಿ ಬೋಧಿಸಿದ್ದ. ಕೊನೆಗೆ ಪವಿತ್ರಾತ್ಮನ ಮಾತು ಬಂದದ್ದು ಪೌಲನೊಬ್ಬನ ಕಿವಿಗಲ್ಲ. ಉಪವಾಸವಿದ್ದು ಆರಾಧಿಸುತ್ತಿದ್ದ ಐವರು ಪ್ರವಾದಿಗಳೂ ಬೋಧಕರೂ ಇದ್ದ ಗುಂಪಿಗೆ. ಅವರು ಮತ್ತೆ ಪ್ರಾರ್ಥಿಸಿ, ತಲೆಯ ಮೇಲೆ ಕೈಯಿಟ್ಟು ಕಳುಹಿಸಿಕೊಟ್ಟರು. ಮುಂದೆ ಮಕೆದೋನ್ಯದ ಮನುಷ್ಯನೊಬ್ಬ ನಮ್ಮಲ್ಲಿಗೆ ಬಂದು ಸಹಾಯಮಾಡು ಎಂದು ಬೇಡುವ ದರ್ಶನವಾದಾಗಲೂ ಹಾಗೆಯೇ: ಕಂಡದ್ದು ಪೌಲನೊಬ್ಬ, ಅದರ ಅರ್ಥವನ್ನು ನಿಶ್ಚಯಿಸಿದ್ದು ಜೊತೆಗಿದ್ದವರೆಲ್ಲ. ಅದಕ್ಕೆ ಮೊದಲು ಅವನು ಹೋಗಬೇಕೆಂದಿದ್ದ ಆಸ್ಯ, ಬಿಥೂನ್ಯ ಎರಡೂ ಬಾಗಿಲು ಮುಚ್ಚಿದ್ದವು. ಫಿಲಿಪ್ಪಿಗೆ ಹೋಗಿ ನೋಡಿದರೆ ದರ್ಶನದಲ್ಲಿ ಕಂಡ ಗಂಡಸು ಎಲ್ಲೂ ಇಲ್ಲ. ನದೀತೀರದಲ್ಲಿ ಪ್ರಾರ್ಥನೆಗೆ ಸೇರಿದ್ದ ಕೆಲವು ಹೆಂಗಸರಿದ್ದರು. ಅವರಲ್ಲಿ ಧೂಮ್ರವರ್ಣದ ಬಟ್ಟೆ ಮಾರುವ ಲುದ್ಯ ಎಂಬವಳು ಅವನ ಮಾತಿಗೆ ಕಿವಿಗೊಟ್ಟು, ತನ್ನ ಮನೆಯಲ್ಲೇ ಇಳಿದುಕೊಳ್ಳಬೇಕೆಂದು ಬಲವಂತಮಾಡಿದಳು. ಪೌಲನ ಕರೆಗೆ ಕೊನೆಯ ಸಾಕ್ಷಿ ಹೇಳಿದವಳು ಆಕೆ.

ಒಳಗಿನ ತುಡಿತದಿಂದಲೇ ಮಿಷನರಿಗಳಾಗುತ್ತಾರೆ ಎಂಬ ನಂಬಿಕೆಗೆ ಫ್ರಾನ್ಸಿಸ್ ಝೇವಿಯರನ ಬದುಕು ದೊಡ್ಡ ಅಪವಾದ. ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಓದಿದ ಅವನು 1534ರಲ್ಲಿ ಇಗ್ನೇಷಿಯಸ್ ಲೊಯೊಲ ಮತ್ತಿತರ ಗೆಳೆಯರೊಂದಿಗೆ ವ್ರತ ತೊಟ್ಟವನು. ಪೋರ್ಚುಗಲ್ಲಿನ ರಾಜ ಭಾರತಕ್ಕೆ ಜನ ಬೇಕೆಂದು ಕೇಳಿದಾಗ ಆಯ್ಕೆಯಾದವರಲ್ಲಿ ಅವನಿರಲಿಲ್ಲ. ಹೊರಡಬೇಕಿದ್ದ ಬೊಬಡಿಲ್ಲ ಎಂಬ ಸಂಗಾತಿ ಜ್ವರದಲ್ಲಿ ಮಲಗಿದ್ದರಿಂದ, 1540ರ ಮಾರ್ಚಿನಲ್ಲಿ ಆ ಜಾಗಕ್ಕೆ ಝೇವಿಯರನನ್ನು ನೇಮಿಸಿದರು. ಅವನು ತಕ್ಷಣ ಹೊರಟುಬಿಟ್ಟ. 1542ರ ಮೇ ತಿಂಗಳಲ್ಲಿ ಗೋವೆ ತಲುಪಿದ. ಏಷ್ಯಾದ ಅತ್ಯಂತ ಪ್ರಸಿದ್ಧ ಮಿಷನರಿ ಬಂದದ್ದು ಬದಲಿ ಆಳಾಗಿ, ಹಿರಿಯರ ಮಾತಿಗೆ ವಿಧೇಯನಾಗಿ. ಆದರೆ ಅದೇ ಝೇವಿಯರ್ ಗೋವೆಗೆ ಧರ್ಮವಿಚಾರಣಾ ನ್ಯಾಯಾಲಯ ಬೇಕೆಂದು ರಾಜನಿಗೆ ಬರೆದ. ಅವನು ತೀರಿಕೊಂಡ ಮೇಲೆ, 1560ರಲ್ಲಿ, ಅದು ಸ್ಥಾಪನೆಯಾಯಿತು. ಗೋವೆಯಿಂದ ಕೊಂಕಣಿಗರು, ಹಿಂದೂಗಳೂ ಕ್ರೈಸ್ತರೂ, ಕೆನರಾ ಕರಾವಳಿಗೆ ವಲಸೆ ಬಂದುದಕ್ಕಿದ್ದ ಕಾರಣಗಳಲ್ಲಿ ಆ ನ್ಯಾಯಾಲಯದ ಭಯವೂ ಒಂದು. ಕಳುಹಿಸುವವರ ಒಪ್ಪಿಗೆ ಪೂರ್ತಿಯಾಗಿದ್ದರೂ, ಬರಮಾಡಿಕೊಳ್ಳುವವರ ದನಿಗೆ ಬೆಲೆಯಿಲ್ಲದಿದ್ದರೆ ಸೇವೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮಂಗಳೂರಿನ ಚರಿತ್ರೆಯೇ ಸಾಕ್ಷಿ. ಎರಡನೆಯ ಸಾಕ್ಷಿ ಇಲ್ಲದ ಮೊದಲನೆಯದು ಅರ್ಧ ಮಾತ್ರ.

ನಮ್ಮ ಕಾಲದ ಉದಾಹರಣೆ ಇನ್ನೂ ಕಠಿಣವಾದದ್ದು. 2018ರ ನವೆಂಬರಿನಲ್ಲಿ ಜಾನ್ ಅಲೆನ್ ಚೌ ಎಂಬ 26 ವರ್ಷದ ಅಮೆರಿಕನ್ ಪದವೀಧರ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಪ್ರಾಣ ಬಿಟ್ಟ. ಅವನು ದುಡುಕಿ ಹೋದವನಲ್ಲ. ವರ್ಷಗಟ್ಟಲೆ ಸಿದ್ಧತೆ ಮಾಡಿಕೊಂಡಿದ್ದ, ತುರ್ತು ಚಿಕಿತ್ಸೆ ಕಲಿತಿದ್ದ, ಅವನನ್ನು ಬೆಂಬಲಿಸಿದ ಮಿಷನ್ ಸಂಸ್ಥೆಯೂ ಇತ್ತು. ಅವನ ಪ್ರಾಮಾಣಿಕತೆಯನ್ನು ಸಂಶಯಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಆದರೆ ಆ ದ್ವೀಪದ ಜನ ಹೊರಗಿನವರನ್ನು ಬೇಡವೆನ್ನುವುದಕ್ಕೆ ಕಾರಣವಿದೆ. 1880ರಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಅಲ್ಲಿಂದ ಇಬ್ಬರು ವೃದ್ಧರನ್ನೂ ನಾಲ್ವರು ಮಕ್ಕಳನ್ನೂ ಪೋರ್ಟ್ ಬ್ಲೇರಿಗೆ ಹಿಡಿದು ತಂದ. ಎಲ್ಲರೂ ಕಾಯಿಲೆ ಬಿದ್ದರು, ವೃದ್ಧರಿಬ್ಬರೂ ಸತ್ತರು, ಮಕ್ಕಳನ್ನು ವಾಪಸು ಬಿಡಲಾಯಿತು. ನಮ್ಮ ಸಾಮಾನ್ಯ ನೆಗಡಿಯೂ ಅಂಥ ಸಣ್ಣ ಸಮುದಾಯಕ್ಕೆ ಮಾರಿಯಾಗಬಹುದೆಂದೇ ಭಾರತ ಸರ್ಕಾರ ಅಲ್ಲಿಗೆ ಹೋಗುವುದನ್ನು ನಿಷೇಧಿಸಿದೆ. ಚೌ ಮೀನುಗಾರರಿಗೆ ಹಣ ಕೊಟ್ಟು ಕದ್ದು ಹೋದ. ಒಬ್ಬ ಹುಡುಗ ಬಿಟ್ಟ ಬಾಣ ಅವನು ಹಿಡಿದಿದ್ದ ಸತ್ಯವೇದಕ್ಕೆ ನಾಟಿತು. ಅವನು ದೋಣಿಗೆ ಮರಳಿದವನು ಮರುದಿನ ಮತ್ತೆ ದಡಕ್ಕೆ ಹೋದ. ಆಮೇಲೆ ಅವನನ್ನು ಕರೆದೊಯ್ದ ಮೀನುಗಾರರು ಸೆರೆಯಾದರು. ಅವನ ಒಳಗಿನ ನಿಶ್ಚಯಕ್ಕೆ ಯಾವ ಕೊರತೆಯೂ ಇರಲಿಲ್ಲ. ಅಷ್ಟು ಗಟ್ಟಿಯಾದ ನಿಶ್ಚಯವೇ ದಡದಿಂದ ಬಂದ ಉತ್ತರವನ್ನು ಕೇಳದ ಹಾಗೆ ಮಾಡಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಎಲ್ಲಾ ದೇಶದವರನ್ನೂ ಶಿಷ್ಯರನ್ನಾಗಿ ಮಾಡಿರಿ ಎಂದು ಯೇಸುವೇ ಆಜ್ಞಾಪಿಸಿದ್ದಾನೆ, ಆಜ್ಞೆ ಇರುವಾಗ ಅನುಮತಿ ಕೇಳುತ್ತಾ ಕೂರುವುದು ಅವಿಧೇಯತೆಯಲ್ಲವೇ? ಆಕ್ಷೇಪ ಗಂಭೀರವಾದದ್ದೇ. ಆದರೆ ಆ ಆಜ್ಞೆ ಒಬ್ಬೊಬ್ಬನ ಕಿವಿಯಲ್ಲಿ ಹೇಳಿದ್ದಲ್ಲ, ಒಟ್ಟಾಗಿ ನಿಂತಿದ್ದ ಹನ್ನೊಂದು ಮಂದಿ ಶಿಷ್ಯರಿಗೆ ಕೊಟ್ಟದ್ದು. ಸಭೆಗೆ ಕೊಟ್ಟ ಕೆಲಸವನ್ನು ಯಾರು, ಎಲ್ಲಿ, ಯಾವಾಗ ಮಾಡಬೇಕೆಂದು ತೀರ್ಮಾನಿಸುವುದೂ ಸಭೆಯ ಹೊಣೆ. ಅದೇ ಯೇಸು, ಮೇಲಿನಿಂದ ಶಕ್ತಿ ಬರುವವರೆಗೆ ಯೆರೂಸಲೇಮಿನಲ್ಲೇ ಕಾದುಕೊಂಡಿರಿ ಎಂದೂ ಹೇಳಿದ್ದಾನೆ. ಎಪ್ಪತ್ತು ಮಂದಿಯನ್ನು ಊರೂರಿಗೆ ಕಳುಹಿಸಿದಾಗ ಯಾರನ್ನೂ ಒಂಟಿಯಾಗಿ ಕಳುಹಿಸಲಿಲ್ಲ, ಇಬ್ಬಿಬ್ಬರಾಗಿ ಕಳುಹಿಸಿದ. ಊರಿನವರು ಸೇರಿಸಿಕೊಳ್ಳದಿದ್ದರೆ ಕಾಲಿನ ಧೂಳು ಕೊಡವಿ ಮುಂದಕ್ಕೆ ಹೋಗಿರಿ ಎಂದ. ಹಾಗೆ ತಿರಸ್ಕರಿಸಿದ ಊರಿನ ವಿಚಾರಣೆಯನ್ನು ದೇವರಿಗೆ ಬಿಟ್ಟ. ಬೇಡವೆನ್ನುವ ಹಕ್ಕನ್ನು ಕೇಳುವವರ ಕೈಯಲ್ಲಿಟ್ಟವನು ಯೇಸುವೇ. ಸುವಾರ್ತೆ ಕೇಳದ ಜನರ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಹೇಗೆ ಎಂದು ಕೇಳುವವರಿಗೂ ಇದೇ ಉತ್ತರ: ಲುದ್ಯಳ ಹಾಗೆ ಒಬ್ಬರು ಬಾಗಿಲು ತೆರೆಯುವವರೆಗೆ ಹೊಳೆಯ ದಡದಲ್ಲಿ ಕೂತು ಮಾತಾಡಬಹುದು, ಬಾಗಿಲು ಒಡೆಯುವ ಅಧಿಕಾರ ಯಾರಿಗೂ ಇಲ್ಲ.

ಎರಡನೆಯ ಆಕ್ಷೇಪ ಯುವಕರ ಕಡೆಯಿಂದ ಬರುವಂಥದ್ದು. ಮನೆಯವರನ್ನೂ ಹಿರಿಯರನ್ನೂ ಕೇಳಿದರೆ ಯಾರು ತಾನೇ ಹೋಗು ಎನ್ನುತ್ತಾರೆ? ಒಳ್ಳೆಯ ಕೆಲಸ ಹಿಡಿ, ಆಮೇಲೆ ನೋಡೋಣ ಎನ್ನುವುದೇ ಎಲ್ಲರ ಮಾತು. ಕೇಳುತ್ತಾ ಕೂತಿದ್ದರೆ ಚರಿತ್ರೆಯಲ್ಲಿ ಒಬ್ಬ ಮಿಷನರಿಯೂ ಹೊರಡುತ್ತಿರಲಿಲ್ಲ. ಇದರಲ್ಲಿ ನಿಜವಿದೆ: ಸಭೆಗಳು ಸೋಮಾರಿಯಾಗಿ ಎಷ್ಟೋ ಒಳ್ಳೆಯ ಕರೆಗಳನ್ನು ನಂದಿಸಿವೆ. ಆದರೆ ಅದಕ್ಕೆ ಪರಿಹಾರ ಸಭೆಯ ಮನವೊಲಿಸುವುದು, ದಾಟಿ ಹೋಗುವುದಲ್ಲ. ಚಪ್ಪಲಿ ಹೊಲಿಯುತ್ತಿದ್ದ ವಿಲಿಯಂ ಕೇರಿ ವರ್ಷಗಟ್ಟಲೆ ವಾದಿಸಿ, ಪುಸ್ತಕ ಬರೆದು, 1792ರಲ್ಲಿ ಕೆಟರಿಂಗ್ ಊರಿನಲ್ಲಿ ಸಂಘ ಕಟ್ಟಿಸಿ, ಅದು ಕಳುಹಿಸಿದ ಮೇಲೆಯೇ ಬಂಗಾಳಕ್ಕೆ ಬಂದ. ಅವನ ಸಾಧನೆಯನ್ನು ಎಲ್ಲರೂ ಹೊಗಳುತ್ತಾರೆ. ಅವನ ಹೆಂಡತಿ ಡೊರೊಥಿಯ ಕಥೆ ಕೇಳುವವರು ಕಡಿಮೆ. ಮೊದಲು ಆಕೆ ಬರುವುದಿಲ್ಲ ಎಂದಿದ್ದಳು. ಕೈಗೂಸನ್ನಿಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ಒತ್ತಾಯಕ್ಕೆ ಮಣಿದು ತಂಗಿಯ ಜೊತೆ ಹಡಗು ಹತ್ತಿದಳು. 1794ರಲ್ಲಿ ಮಗ ಪೀಟರ್ ತೀರಿಕೊಂಡ ಮೇಲೆ ಆಕೆಯ ಬುದ್ಧಿ ಸ್ತಿಮಿತ ತಪ್ಪಿತು. 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಕರೆ ಬಂದದ್ದು ಗಂಡನಿಗೆ, ಅದರ ಬೆಲೆ ತೆತ್ತದ್ದು ಹೆಂಡತಿ. ಹತ್ತಿರದವರ ಅಳುಕನ್ನು ಸೈತಾನನ ಅಡ್ಡಿ ಎಂದು ತಳ್ಳಿಹಾಕುವ ಮೊದಲು ಡೊರೊಥಿಯನ್ನು ನೆನೆಯಬೇಕು.

ಮೂರನೆಯ ಆಕ್ಷೇಪ ಹೊರಗಿನವರದು: ಪರದೇಶಕ್ಕೆ ಹೋಗಿ ಧರ್ಮ ಬೋಧಿಸುವುದೇ ದಬ್ಬಾಳಿಕೆ, ಅದರಲ್ಲಿ ಸರಿಯಾದ ಕರೆ ತಪ್ಪು ಕರೆ ಎಂಬ ಭೇದವೇ ಇಲ್ಲ. ವಸಾಹತು ಆಳ್ವಿಕೆಯ ನೆರಳಿನಲ್ಲಿ ನಡೆದ ಅನೇಕ ಕೆಲಸಗಳ ಮಟ್ಟಿಗೆ ಈ ಮಾತನ್ನು ಅಲ್ಲಗಳೆಯಲಾಗದು. ಅದನ್ನು ಕ್ರೈಸ್ತರ ನಡುವೆಯೇ ನಿಂತು ಹೇಳಿದವರು ತಮಿಳುನಾಡಿನ ವಿ.ಎಸ್. ಅಜರಯ್ಯ. 1910ರಲ್ಲಿ ಎಡಿನ್‌ಬರೋದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಸುಮಾರು 1,200 ಪ್ರತಿನಿಧಿಗಳಿದ್ದರು. ಏಷ್ಯಾದವರು ಇಪ್ಪತ್ತಕ್ಕಿಂತ ಕಡಿಮೆ. ಅವರ ಮುಂದೆ ಅಜರಯ್ಯ, ನಿಮ್ಮ ತ್ಯಾಗಕ್ಕೆ ಭಾರತದ ಸಭೆ ಋಣಿಯಾಗಿದೆ, ಆದರೆ ನಮಗೆ ಇನ್ನೂ ಸಿಗದಿರುವುದು ನಿಮ್ಮ ಸ್ನೇಹ ಎಂಬರ್ಥದಲ್ಲಿ ಮಾತಾಡಿದರು. ಅವರು ಮಿಷನ್ ಬೇಡ ಎನ್ನಲಿಲ್ಲ. ಸ್ವತಃ 1903ರಲ್ಲಿ ತಿರುನೆಲ್ವೇಲಿಯಲ್ಲಿ ಭಾರತೀಯರದೇ ಮಿಷನರಿ ಸಂಘ ಕಟ್ಟಿದವರು. ಬಂದವರನ್ನು ಅಳೆಯುವ ಅಧಿಕಾರ ಬರಮಾಡಿಕೊಂಡವರಿಗಿದೆ ಎಂದು ತೋರಿಸಿಕೊಟ್ಟರು. ಎಲ್ಲಾ ಸಾಕ್ಷ್ಯವನ್ನೂ ಪಕ್ಕಕ್ಕಿಟ್ಟು ಪರದೇಶದ ಸೇವೆಯೆಲ್ಲ ಕೇಡು ಎನ್ನುವುದೂ, ಎಲ್ಲವೂ ಪುಣ್ಯ ಎನ್ನುವುದೂ, ಆತಿಥೇಯರ ಬಾಯಿ ಮುಚ್ಚಿಸುವ ಎರಡು ಬಗೆಗಳು.

ಆತಿಥೇಯರ ಮಾತಿಗೆ ಕಿವಿಗೊಟ್ಟಾಗ ಏನಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತನ್ನ ಯುವಕರನ್ನು ಸುಮ್ಮನೆ ಕಳುಹಿಸುತ್ತಿರಲಿಲ್ಲ. ಅವರು ಬಾಸೆಲ್‌ನ ಶಾಲೆಯಲ್ಲಿ ವರ್ಷಗಟ್ಟಲೆ ತರಬೇತಿ ಪಡೆಯಬೇಕಿತ್ತು, ಯಾವ ದೇಶಕ್ಕೆ ಹೋಗಬೇಕೆಂದು ಸಮಿತಿ ನಿರ್ಧರಿಸುತ್ತಿತ್ತು. ಆ ಶಿಸ್ತು ಕೆಲವೊಮ್ಮೆ ಉಸಿರುಗಟ್ಟಿಸುವಷ್ಟು ಬಿಗಿಯಾಗಿತ್ತು, ಮದುವೆಗೂ ಸಮಿತಿಯ ಅಪ್ಪಣೆ ಬೇಕಿತ್ತು. ಅದನ್ನು ಮಾದರಿ ಎಂದು ಹೇಳಲಾರೆ. ಆದರೆ ಅವರು ಇಲ್ಲಿಗೆ ಬಂದ ಮೇಲೆ ಇಲ್ಲಿನ ಅಗತ್ಯ ಅವರ ಕೆಲಸವನ್ನು ಬದಲಿಸಿತು. ಜಾತಿಯಿಂದ ಹೊರಬಿದ್ದವರಿಗೆ ಬದುಕಲು ದಾರಿಯಿಲ್ಲವೆಂದು ಕಂಡಾಗ ನೇಯ್ಗೆಯೂ 1865ರಿಂದ ಹೆಂಚಿನ ಕಾರ್ಖಾನೆಯೂ ಬಂದವು. ಆ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಹೊರಡಿಸಿದರು. 1853ರಲ್ಲಿ 21ರ ಹರೆಯದಲ್ಲಿ ಬಂದ ಕಿಟೆಲ್ ಬೋಧಿಸಲು ಕನ್ನಡ ಕಲಿತವರು, ಕನ್ನಡದ ಹತ್ತಿರ ಕೂತು ಕಲಿಯುವವರಾಗಿಯೇ ಉಳಿದರು. ಅವರ ಸುಮಾರು 70,000 ಪದಗಳ ನಿಘಂಟು 41 ವರ್ಷಗಳ ಮೇಲೆ, 1894ರಲ್ಲಿ ಅಚ್ಚಾಯಿತು. ಹೊರಟಾಗ ಅವರಿಗೆ ಕೇಳಿಸಿದ ಕರೆಯಲ್ಲಿ ನಿಘಂಟು ಇದ್ದಿರಲಾರದು. ಕರೆಯ ಉಳಿದರ್ಧವನ್ನು ಹೇಳಿದ್ದು ಈ ನಾಡು.

ಆದ್ದರಿಂದ ಇಂದು ಪದವಿ ಮುಗಿಸಿ ವಿದೇಶ ಸೇವೆಗೆ ಮನಸ್ಸು ಮಾಡಿರುವವರಿಗೆ ನನ್ನ ಮಾತು ಇಷ್ಟು. ನಿಮಗೆ ಕೇಳಿಸಿದ್ದನ್ನು ಯಾರೂ ನಕ್ಕು ತಳ್ಳಲು ಬಿಡಬೇಡಿ. ಆದರೆ ಅದನ್ನು ಒಬ್ಬರೇ ಹೊತ್ತು ತಿರುಗಲೂಬೇಡಿ. ನಿಮ್ಮನ್ನು ಬಲ್ಲ, ನಿಮ್ಮ ಕುಂದುಗಳನ್ನೂ ಬಲ್ಲ ನಾಲ್ಕು ಮಂದಿಯ ಮುಂದೆ ಇಡಿ. ಅವರು ಬೇಡವೆಂದರೆ ಏಕೆಂದು ಕೇಳಿ, ವಾದಿಸಿ, ಕಾಯಿರಿ. ಹೋಗಬೇಕೆಂದಿರುವ ದೇಶದ ಸಭೆಗೆ, ಅಲ್ಲಿನ ಜನರಿಗೆ ನೇರವಾಗಿ ಬರೆದು, ನಮ್ಮಿಂದ ನಿಮಗೇನು ಬೇಕು, ಏನೂ ಬೇಡವೇ ಎಂದು ವಿಚಾರಿಸಿ. ಅಡೊನಿರಾಮ್ ಜಡ್ಸನ್ 1813ರಲ್ಲಿ ರಂಗೂನು ಮುಟ್ಟಿದ ಮೇಲೆ ಮೊದಲ ದೀಕ್ಷಾಸ್ನಾನಕ್ಕೆ ಆರು ವರ್ಷ ಕಾದ. ಅಷ್ಟು ಕಾಲ ಭಾಷೆ ಕಲಿಯುತ್ತಾ ಕೂರುವ ತಾಳ್ಮೆ ನಿಮ್ಮಲ್ಲಿದೆಯೇ ಎಂದು ನೋಡಿಕೊಳ್ಳಲು ಮೊದಲು ಇಲ್ಲಿಯೇ, ನಿಮ್ಮ ಊರಿಗೆ ದುಡಿಯಲು ಬಂದಿರುವ ಪರಭಾಷಿಕರ ನಡುವೆ, ಒಂದೆರಡು ವರ್ಷ ಸೇವೆ ಮಾಡಿ. ಹಿರಿಯರಿಗೂ ಒಂದು ಮಾತು: ಮಕ್ಕಳು ಕೇಳಲು ಬಂದಾಗ ಸಂಬಳದ ಲೆಕ್ಕ ಹೇಳಿ ಬಾಯಿ ಮುಚ್ಚಿಸಬೇಡಿ, ಚಪ್ಪಾಳೆ ತಟ್ಟಿ ವಿಮಾನ ಹತ್ತಿಸಲೂಬೇಡಿ. ಅವರ ಜೊತೆ ಕೂತು ಪ್ರಾರ್ಥಿಸಿ, ಪರೀಕ್ಷಿಸಿ, ಕಳುಹಿಸುವುದಾದರೆ ಅವರ ಹೊಣೆಯನ್ನೂ ಹೊತ್ತು ಕಳುಹಿಸಿ. ದೇವರಿಂದ ಬಂದ ಕರೆಯಾದರೆ ಈ ಪರೀಕ್ಷೆಯಿಂದ ಅದಕ್ಕೆ ಯಾವ ನಷ್ಟವೂ ಇಲ್ಲ. ಪರೀಕ್ಷೆಯನ್ನು ತಾಳಲಾರದ ಕರೆಗಾಗಿ ಸಮುದ್ರ ದಾಟಬಾರದು.